ದೊರೆಯ ತಾತನೂ ನಮ್ಮ ಹೆಳವನೂ

ನಮ್ಮ ಚಿಕ್ಕಪ್ಪನ ಎದುರಿಗೆ ನೀವು ಬಾಯಿ ತಪ್ಪಿ ಹೆಸರು ಹೇಳಿದಿರೋ, ಆವತ್ತಿನ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ! ಹೆಸರಿನ ಬೆನ್ನಿಗೇ ಊರು ಕೇಳುತ್ತಿದ್ದರು. ಊರಿನ ಬೆನ್ನಿಗೆ ತಂದೆ, ತಂದೆಯ ಬೆನ್ನಿಗೆ ತಾತ, ತಾತ ಯಾವ ಊರಿನಿಂದ ಹೆಣ್ಣು ತಂದ, ಆ ಹೆಣ್ಣಿನ ತವರುಮನೆಗೆ ಆ ಊರಿನಲ್ಲಿ ಏನೆಂದು ಕರೆಯುತ್ತಾರೆ, ಹಾಗೆ ಯಾಕೆ ಕರೆಯುತ್ತಾರೆ... ನೀವು ಕೊಡೆ ಮಡಿಸಿ ಕೂತುಬಿಡುವುದೇ ವಾಸಿ. ಯಮಧರ್ಮನೇ ಬಂದು ಹೊಸಿಲಲ್ಲಿ ನಿಂತಿದ್ದರೂ "ಯಾವ ಕಡೆಯಾಯ್ತು ತಮ್ದು?" ಎಂದು ಶುರುಮಾಡಿ, ಸೂರ್ಯನ ಮಗನೆಂದು ತಿಳಿದ ಮೇಲೆ ಸೂರ್ಯನ ತಾಯಿಯ ಕಡೆಯ ವಿಚಾರ ತೆಗೆದು, ಅವನು ಬಂದ ಕೆಲಸವನ್ನೇ ಮರೆಸಿ ಕಳಿಸುವಂಥ ಆಸಾಮಿ!

ಹಾಸನದಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕಾರ್ಖಾನೆಯಿತ್ತು. ಅಲ್ಲಿ ಅವರು ರೈಟರು. ತೋಟಗಳಿಂದ ಗಾಡಿಯಲ್ಲಿ ಬರುವ ಮೂಟೆಗಳನ್ನು ಬರೆದುಕೊಳ್ಳುವುದು ಅವರ ಕೆಲಸ. ಆದರೆ ಮೂಟೆ ಎಷ್ಟೆಂದು ಬರೆಯುವುದಕ್ಕೆ ಮುಂಚೆ ಗಾಡಿ ಹೊಡೆದುಕೊಂಡು ಬಂದವನು ಯಾರ ಮಗನೆಂದು ವಿಚಾರಿಸಬೇಡವೆ? ಹೀಗಾಗಿ ಗೇಟಿನ ಹೊರಗೆ ಗಾಡಿಗಳ ಸಾಲು ಬೆಳೆಯುತ್ತಿತ್ತು. ಎತ್ತುಗಳು ನೊಗ ಇಳಿಸಿಕೊಂಡು ಮಲಗಿ, ಮೆಲುಕು ಹಾಕಿ, ಒಂದು ನಿದ್ದೆ ಮುಗಿಸಿ ಏಳುತ್ತಿದ್ದವು.

ನಾನಾಗ ಹಾಸನದಲ್ಲಿ ಹೊಸದಾಗಿ ಮಿಡ್ಲ್ ಸ್ಕೂಲ್ ಮೇಷ್ಟರಾಗಿದ್ದೆ. ಚಿಕ್ಕಪ್ಪನ ಜೊತೆಗೇ ಒಂದು ಕೋಣೆಯಲ್ಲಿ ಬಿಡಾರ. ಒಮ್ಮೆ ಇಬ್ಬರೂ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿನ ಸೀಟಿಗಾಗಿ ಇಬ್ಬರು ಕಿತ್ತಾಡುತ್ತಿದ್ದರು. ಚಿಕ್ಕಪ್ಪ ನಡುವೆ ಹೋಗಿ ಒಬ್ಬನ ಅಜ್ಜಿಯ ತವರು ಹಿಡಿದರು, ಇನ್ನೊಬ್ಬನ ತಾತನ ಊರು ಹಿಡಿದರು, ಎರಡನ್ನೂ ತಂದು ಒಂದು ಕಡೆ ಗಂಟು ಹಾಕಿದರು.

"ಅಯ್ಯೋ, ನೀವಿಬ್ರೂ ವರಸೇಲಿ ಬಾವ-ಬಾಮೈದ ಆಗ್ಬೇಕು ಕಣ್ರಪ್ಪ! ಇಂಗೆ ಬಡಿದಾಡ್ಬೌದಾ?"

ಇಬ್ಬರೂ ಸೀಟಿನ ಮೇಲಿನ ಕೈ ತೆಗೆದರು. ಬಸ್ಸಿನವರೆಲ್ಲ ಚಿಕ್ಕಪ್ಪನನ್ನು ಮೆಚ್ಚಿ ನೋಡಿದರು. ಆಮೇಲೆ ಒಬ್ಬ ನಿಧಾನವಾಗಿ ಕೇಳಿದ: "ಅಂಗಾರೆ ನಮ್ಮತ್ತೆ ಮದ್ವೇಲಿ ಊಟದ ಎಲೆ ಬುಟ್ಟು ಎದ್ದೋದೋನು ನಿಮ್ಮ ತಾತನೇನೋ?"

"ಉಪ್ಪಿಲ್ದಿದ್ ಸಾರು ಇಕ್ಕುದ್ರೆ ಏಳ್ದೆ ಇನ್ನೇನ್ಲಾ ಮಾಡಾದು?"

ಇದುವರೆಗೆ ಬರೀ ಸೀಟಿನ ಜಗಳವಾಗಿತ್ತು. ಈಗ ಮೂರು ತಲೆಮಾರಿನ ಕಾರಣ ಸಿಕ್ಕಿತಲ್ಲ! ಕಂಡಕ್ಟರು ಬಸ್ಸು ನಿಲ್ಲಿಸಿ ಅವರಿಬ್ಬರನ್ನೂ ಇಳಿಸಿದ. ನಂಟು ಹುಡುಕಿಕೊಟ್ಟ ಉಪಕಾರಕ್ಕೆ ಚಿಕ್ಕಪ್ಪನನ್ನೂ, ಜೊತೆಗಿದ್ದ ಪಾಪಕ್ಕೆ ನನ್ನನ್ನೂ ಇಳಿಸಿದ. ನಾಲ್ಕು ಮೈಲಿ ನಡೆದೆವು. ದಾರಿಯುದ್ದಕ್ಕೂ ಚಿಕ್ಕಪ್ಪ ಆ ಕಂಡಕ್ಟರು ಯಾವ ಕಡೆಯವನಿರಬಹುದೆಂದು ಯೋಚಿಸುತ್ತಿದ್ದರು.

ಇಷ್ಟೆಲ್ಲ ಕೇಳುವವರನ್ನು ಜನ ತಿರುಗಿ ಕೇಳದೆ ಬಿಡುತ್ತಾರೆಯೆ? "ಅದ್ಸರಿ, ತಮ್ದು ಯಾವ ಕಡೆ?" ಎನ್ನುತ್ತಿದ್ದರು. ಆಗ ಚಿಕ್ಕಪ್ಪನ ಕೈ ಸೊಂಟಕ್ಕೆ ಹೋಗುತ್ತಿತ್ತು. ನಶ್ಯದ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಎರಡು ಸಲ ಬಡಿದು, ಒಂದು ಚಿಟಿಕೆ ಏರಿಸಿ, ಬಡಬಡನೆ ನಾಲ್ಕು ಸೀನು ಸೀನಿ, ಕಣ್ಣೊರೆಸಿಕೊಂಡು ಬೇರೆ ಮಾತು ತೆಗೆಯುತ್ತಿದ್ದರು. ಹೊರಗಿನವರಿಗೆ ಇದು ನಗೆ. ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು.

ನಮ್ಮೂರು ಸಾಲಗಾಮೆಯ ಹತ್ತಿರದ ಒಂದು ಹಳ್ಳಿ. ಪ್ಲೇಗು ಬಂದ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಆ ಗುಡಿಸಲಿನಲ್ಲೇ ನಮ್ಮಜ್ಜಿ ಹೆತ್ತ ಹೆಣ್ಣುಕೂಸು ಹತ್ತನೆಯ ದಿನಕ್ಕೆ ತೀರಿಕೊಂಡಿತು. ಅದಾದ ಎರಡು ದಿನಕ್ಕೆ ರಸ್ತೆಯಲ್ಲಿ ನಡೆದುಕೊಂಡು ಬಂದ ಯಾರೋ ಒಬ್ಬ ಹೆಂಗಸು ನಮ್ಮ ಹೊಲದ ಬದುವಿನ ಮೇಲೆ ಕೂತಳು, ಮತ್ತೆ ಏಳಲಿಲ್ಲ. ಅವಳ ಮಗ್ಗುಲಲ್ಲಿ ಒಂದು ಗಂಡು ಕೂಸು ಕಿರುಚುತ್ತಿತ್ತು. ಅವಳು ಯಾರು, ಯಾವೂರು, ಯಾರ ಪೈಕಿ ಎಂದು ಹೇಳುವವರು ಯಾರೂ ಇರಲಿಲ್ಲ. ತಾತ ಆ ಕೂಸನ್ನು ಎತ್ತಿಕೊಂಡು ಬಂದು ಅಜ್ಜಿಯ ಮಡಿಲಿಗೆ ಹಾಕಿದರು. ಅದೇ ನಮ್ಮ ಚಿಕ್ಕಪ್ಪ.

ಮನೆಯಲ್ಲಿ ಯಾರೂ ಅವರನ್ನು ಬೇರೆ ಮಾಡಲಿಲ್ಲ. ನಮ್ಮಪ್ಪನಿಗೆ ಒಂದು ಹೋಳಿಗೆ ಸಿಕ್ಕರೆ ಅವರಿಗೂ ಒಂದು. ಹೆಳವ ಬಂದಾಗ ಮಾತ್ರ ಬೇರೆಯಾಗುತ್ತಿತ್ತು.

ಈಗಿನ ಪಟ್ಟಣದ ಮಕ್ಕಳಿಗೆ ಹೆಳವ ಯಾರೆಂದು ಗೊತ್ತಿರಲಾರದು. ನಮ್ಮ ಒಕ್ಕಲು ಮನೆಗಳ ವಂಶಾವಳಿ ಹೇಳುವುದೇ ಅವರ ಕುಲಕಸುಬು. ಕೊರಳಿಗೆ ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು, ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ ಬಾಗಿಲಿಗೆ ಬರುತ್ತಿದ್ದರು. ನಿಮ್ಮ ಮೂಲಪುರುಷ ಯಾವ ಊರು ಬಿಟ್ಟು ಬಂದ, ಅವನಿಗೆ ಎಷ್ಟು ಜನ ಮಕ್ಕಳು, ಯಾವ ಸೊಸೆ ಯಾವ ಊರಿನವಳು ಎಲ್ಲವನ್ನೂ ರಾಗವಾಗಿ ಹೇಳುತ್ತಿದ್ದರು. ಮನೆಯಲ್ಲಿ ಹೊಸದಾಗಿ ಮಗು ಹುಟ್ಟಿದ್ದರೆ ಒಂದು ಕರುವನ್ನೋ ಕಂಬಳಿಯನ್ನೋ ಇಸಿದುಕೊಂಡು ಪುಸ್ತಕಕ್ಕೆ ಸೇರಿಸುತ್ತಿದ್ದರು. ಆದರೆ ಸೇರಿಸುವಾಗ ಒಂದು ಪ್ರಶ್ನೆ ಕೇಳುವುದು ಪದ್ಧತಿ: "ಯಾರ ಒಟ್ಟೇಲಿ ಉಟ್ಟಿದ್ದು?"

ತಾತ ಸುಳ್ಳು ಹೇಳದ ಮನುಷ್ಯ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನಿದ್ದರಂತೆ. ಆಗಿನ ಮುದುಕ ಹೆಳವ, "ಒಟ್ಟೆ ಎಸ್ರು ಇಲ್ದೆ ಬರೆಯಾಕಾಯ್ತದಾ ಗೌಡ್ರೆ? ನಮ್ ಪುಸ್ತಕ ಸುಳ್ಳಾಡಕ್ಕಿಲ್ಲ" ಎಂದು ಪುಸ್ತಕ ಮಡಿಸಿದನಂತೆ. ಅಂದಿನಿಂದ ಹೆಳವ ಬಂದಾಗಲೆಲ್ಲ "ಕಾಳೇಗೌಡ್ರ ಮಗ ನಂಜೇಗೌಡ" ಎಂದು ನಮ್ಮಪ್ಪನ ಹೆಸರು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದ. ಚಿಕ್ಕಪ್ಪ ಅಷ್ಟು ಹೊತ್ತಿಗೆ ದನಗಳಿಗೆ ನೀರು ತೋರಿಸಲು ಹೋಗಿರುತ್ತಿದ್ದರು. ಕುಡಿದ ದನಗಳಿಗೇ ಮತ್ತೆ ಮತ್ತೆ ನೀರು ತೋರಿಸುತ್ತಿದ್ದರು.

ಮದುವೆಯ ವಯಸ್ಸಿಗೆ ಎರಡು ಕಡೆ ಹೆಣ್ಣು ನೋಡಿದರು. ಒಂದು ಅರಕಲಗೂಡಿನ ಕಡೆ, ಇನ್ನೊಂದು ಚನ್ನರಾಯಪಟ್ಟಣದ ಕಡೆ. ಎರಡು ಕಡೆಯೂ ಮಜ್ಜಿಗೆ ಕೊಟ್ಟು ಕೂರಿಸಿ ಕೇಳಿದ್ದು ಒಂದೇ ಮಾತು: "ಯಾವ ಬೆಡಗು?" ಬೆಡಗೆಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದಂತೆ, ಮದುವೆಯಾಗುವ ಹಾಗಿಲ್ಲ. ಚಿಕ್ಕಪ್ಪನಿಗೆ ಹೇಳಲು ಬೆಡಗೇ ಇಲ್ಲವಲ್ಲ! ಮೂರನೆಯ ಹೆಣ್ಣು ನೋಡಲು ಅವರು ಬರಲಿಲ್ಲ. ಊರಿನವರೆಲ್ಲರ ಮೂಲ ಹುಡುಕುವ ಹುಚ್ಚು ಹತ್ತಿದ್ದು ಅದಾದ ಮೇಲೆಯೇ ಎಂದು ಅಜ್ಜಿ ಹೇಳುತ್ತಿದ್ದಳು.

ಇಂಥವರ ಕಾರ್ಖಾನೆಗೆ, ಎರಡನೇ ಮಹಾಯುದ್ಧ ಶುರುವಾಗುವ ಮೂರು ವರ್ಷ ಮುಂಚೆ, ಸ್ಕಾಟ್ಲೆಂಡಿನಿಂದ ಒಬ್ಬ ದೊರೆ ಮ್ಯಾನೇಜರಾಗಿ ಬಂದ. ಮ್ಯಾಕಿಂಟೈರ್ ಎಂದು ಹೆಸರು. ಕೆಂಪು ಮೀಸೆ, ಆರೂವರೆ ಅಡಿ ಎತ್ತರ. ಕನ್ನಡ ಕಲಿತಿದ್ದು ಬೀಜ ಆರಿಸುವ ಹೆಣ್ಣಾಳುಗಳಿಂದ. ಹಾಗಾಗಿ ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರಿಗೂ "ಏ ಬಾರೋ, ಕೂತ್ಕೋ" ಎನ್ನುತ್ತಿದ್ದ. ಅವನು ಬಂದ ಮೊದಲ ದಿನವೇ ಚಿಕ್ಕಪ್ಪ ಕೈಕಟ್ಟಿ ನಿಂತು ಕೇಳಿದರು: "ಸಾ, ತಮ್ಮ ಎಸ್ರು ಅಂಗ್ಯಾಕೆ?"

ಬೇರೆ ದೊರೆಯಾಗಿದ್ದರೆ ಓಡಿಸುತ್ತಿದ್ದ. ಈ ಮಹಾನುಭಾವನಿಗೆ ಕಣ್ಣರಳಿತು! ತನ್ನ ದೇಶದಲ್ಲಿ ಮ್ಯಾಕ್ ಎಂದರೆ ಮಗ ಎಂದು ಅರ್ಥ, ತನ್ನ ಹೆಸರಿಗೆ ಬಡಗಿಯ ಮಗ ಎಂದು ಅರ್ಥ, ಅಕ್ಕಸಾಲಿಯ ಮಗ, ಪೂಜಾರಿಯ ಮಗ ಎಂಬ ಹೆಸರಿನವರೂ ಇದ್ದಾರೆ ಎಂದು ಒಂದು ಗಂಟೆ ವಿವರಿಸಿದ. ಗೇಟಿನಲ್ಲಿ ಗಾಡಿಗಳು ನಿಂತವು. ಎತ್ತುಗಳು ಮಲಗಿದವು.

ಆ ಸಂಜೆ ಚಿಕ್ಕಪ್ಪ ಬಿಡಾರಕ್ಕೆ ಬಂದವರೇ ಜುಬ್ಬ ಕೂಡ ಬಿಚ್ಚದೆ, "ಎಂಥಾ ದೇಸ ಕಣ್ಲಾ ಅದು! ಎಸರಿನ ಮೊದಲಲ್ಲೇ ಮಗ ಅಂತ ಇಟ್ಬುಟ್ಟವ್ರೆ. ಯಾರ್ನೂ ಏನೂ ಕೇಳಂಗೇ ಇಲ್ಲ" ಎಂದರು. ನಾನು ನಕ್ಕೆ. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ದೊರೆ ಬಡಗಿಯ ಮಗನೆಂದು ಗೊತ್ತಾದ ಮೇಲೆ ಬಿಡುವುದುಂಟೆ? ಅವನನ್ನು ಗಾಡಿ ಚಕ್ರ ಮಾಡುವ ಆಚಾರ್ರ ಹತ್ತಿರ ಕರೆದುಕೊಂಡು ಹೋದರು. "ಆಚಾರ್ರೆ, ನಮ್ ದೊರೆಗಳು ನಿಮ್ಮ ಕಡೆಯೋರು, ಸ್ವಲ್ಪ ದೂರದೋರು ಅಷ್ಟೆ" ಎಂದು ಪರಿಚಯ ಮಾಡಿಸಿದರು. ಆಚಾರ್ರು ದೊರೆಯನ್ನು ಮೇಲಿಂದ ಕೆಳಗೆ ನೋಡಿ, ಉಳಿ ಕೈಗೆ ಕೊಟ್ಟರು. ದೊರೆ ಕುಲದ ಮಾನ ಕಾಯಲು ಹುರುಪಿನಿಂದ ಒಂದು ಏಟು ಹಾಕಿದ. ಮರ ಹಾಗೇ ಇತ್ತು. ಹೆಬ್ಬೆರಳಿನಿಂದ ರಕ್ತ ಬಂತು. ಆಚಾರ್ರು ಉಳಿ ವಾಪಸು ಇಸಿದುಕೊಂಡು, "ನಮ್ಮೋರಲ್ಲ ಬುಡಿ" ಎಂದರು.

ಇನ್ನೊಂದು ದಿನ ದೊರೆಗೆ ಊರಿನಿಂದ ಕಾಗದ ಬಂತು. ಅವನ ಅಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು. ಸಂತೋಷದಿಂದ ಎಲ್ಲರಿಗೂ ಬಿಸ್ಕತ್ತು ಹಂಚಿದ. ಚಿಕ್ಕಪ್ಪ ಬಿಸ್ಕತ್ತು ಬಾಯಿಗಿಡುವ ಮುಂಚೆ ಗಂಡಿನ ಹೆಸರು ಕೇಳಿದರು. ಅವನೂ ಮ್ಯಾಕಿಂಟೈರ್! ಬಿಸ್ಕತ್ತು ಕೈಯಲ್ಲೇ ಉಳಿಯಿತು.

"ಸಾ, ಇದು ಆಗ್ಕೂಡ್ದು. ಒಂದೇ ಬೆಡಗು ಸಾ. ಅಣ್ಣತಂಗಿ ವರಸೆ ಆಯ್ತದೆ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಪ್ಪ ನಗಲಿಲ್ಲ. ರಾತ್ರಿ ಊಟ ಬಿಟ್ಟು, ಹುಡುಗಿಯ ತಂದೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಯಲೇಬೇಕೆಂದು ನನ್ನ ಪ್ರಾಣ ತಿಂದರು. "ಒಂದು ಎಣ್ಣಿನ ಬಾಳು ಕಣ್ಲಾ" ಎಂದರು. ಬರೆದೆ. ಟಪಾಲಿಗೆ ಹಾಕಿದೆನೆಂದು ಸುಳ್ಳು ಹೇಳಿ ಭೂಗೋಳದ ಪುಸ್ತಕದಲ್ಲಿ ಅಡಗಿಸಿಟ್ಟೆ. ಕೆಲವು ತಿಂಗಳ ಮೇಲೆ ಹಡಗಿನಲ್ಲಿ ಮದುವೆಯ ಕೇಕಿನ ತುಂಡು ಬಂತು. ನನ್ನ ಕಾಗದ ತಡವಾಗಿ ತಲುಪಿರಬೇಕೆಂದು ಚಿಕ್ಕಪ್ಪ ನೊಂದುಕೊಂಡು, ತಮ್ಮ ಪಾಲಿನದನ್ನು ಬೀದಿಯ ಗೂಳಿಗೆ ಹಾಕಿದರು. ಅದೂ ಮೂಸಿ ನೋಡಿ ಬಿಟ್ಟಿತು.

ಯುದ್ಧ ಮುಗಿದ ಮರುವರ್ಷ ದೊರೆ ಕೆಲಸ ಬಿಟ್ಟು ಊರಿಗೆ ಹೊರಡುವುದೆಂದು ಗೊತ್ತಾಯಿತು. ಹೊರಡುವ ಮುಂಚೆ ಒಂದು ದಿನ ಚಿಕ್ಕಪ್ಪನನ್ನು ಕರೆದು, "ರೈಟರ್, ನಂದು ತಾತ ಎಲ್ಲಿ?" ಎಂದ.

ವಿಷಯ ಇಷ್ಟು. ದೊರೆಯ ತಾತ ಹರೆಯದಲ್ಲಿ ಹೆಂಡತಿ ಮಗುವನ್ನು ಬಿಟ್ಟು ಮೈಸೂರು ಸೀಮೆಗೆ ಬಂದನಂತೆ, ಕಾಫಿಗೆ ಭೂಮಿ ನೋಡಲು. ಹಾಸನದಿಂದ ಒಂದು ಕಾಗದ ಬರೆದ. ಆಮೇಲೆ ಸುದ್ದಿಯಿಲ್ಲ. ಅವನ ಹೆಂಡತಿ ಬದುಕಿರುವ ತನಕ ದಾರಿ ನೋಡಿದಳು. ಬರುವಾಗ ಅವನು ತನ್ನ ತಿತ್ತಿಯನ್ನೂ ತಂದಿದ್ದ. ಆಡಿನ ತೊಗಲಿನ ಚೀಲಕ್ಕೆ ಗಾಳಿ ತುಂಬಿ ಊದುವ ವಾದ್ಯ. ನಮ್ಮ ಕಡೆ ಓಲಗದವರು ಶ್ರುತಿಗೆ ಇಟ್ಟುಕೊಳ್ಳುವುದಿಲ್ಲವೆ, ಅದರ ಅಣ್ಣ. ಅದೂ ವಾಪಸು ಬರಲಿಲ್ಲ. ದೊರೆ ಹತ್ತು ವರ್ಷ ಹಾಸನದಲ್ಲಿದ್ದುದೇ ಈ ತಾತನನ್ನು ಹುಡುಕಲು ಎಂದು ಆವತ್ತು ನಮಗೆ ತಿಳಿಯಿತು. ಗೋರಿಗಳಿದ್ದ ಕಡೆಯೆಲ್ಲ ಹೋಗಿ ನೋಡಿದ್ದನಂತೆ, ಕಚೇರಿಗಳಲ್ಲಿ ಕೇಳಿದ್ದನಂತೆ.

"ನಂದು ಅಪ್ಪ ಸಾಯುವಾಗ ಕೂಡ ಕೇಳಿದ, ನನ್ನಪ್ಪ ಎಲ್ಲಿ ಅಂತ" ಎಂದ ದೊರೆ. ಚಿಕ್ಕಪ್ಪ ಡಬ್ಬಿ ತೆಗೆದು ನಶ್ಯ ಏರಿಸಿದರು.

ಆ ಮೇಲೆ ಎರಡು ತಿಂಗಳು ನಡೆದ ಹುಡುಕಾಟ ಏನು ಹೇಳಲಿ! ಪೆಟ್ರೋಲು ಸಿಗದ ಕಾಲವೆಂದು ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದ ದೊರೆಯ ಕಾರನ್ನು ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಅದರ ಹಿಂದೆ ಓಡಿಕೊಂಡು ನಾವು ನಾಲ್ಕು ತಾಲ್ಲೂಕು ಸುತ್ತಿದೆವು. ಚನ್ನರಾಯಪಟ್ಟಣದ ತೆಂಗಿನಕಾಯಿ ಸಂತೆಯಲ್ಲಿ ಚಿಕ್ಕಪ್ಪ ಒಂದು ಕಾಯಿ ರಾಶಿಯ ಮೇಲೆ ನಿಂತು ವಿಚಾರ ಸಾರಿದರು. ದೊರೆ ತಾತನ ನೆನಪಿಗೆ ಆ ಊರಿನಲ್ಲಿ ಬಾವಿ ತೋಡಿಸಿಕೊಡುತ್ತಾನೆಂದು ಯಾರು ಹೇಳಿದರೋ, ಮುಂದಿನ ವಾರಕ್ಕೆ ಮೂರು ಹಳ್ಳಿಯವರು ಮೂರು ತಾತಂದಿರನ್ನು ಸಿದ್ಧಮಾಡಿಕೊಂಡು ಬಂದರು!

ಮೊದಲ ಹಳ್ಳಿಯಲ್ಲಿ ಒಂದು ದಿಬ್ಬ, ಮೇಲೆ ಹಳೇ ಕಲ್ಲು. "ಇದೇ ಸಾ, ಬಿಳೀ ದೊರೆ ಗೋರಿ" ಎಂದು ಊರಿಗೆ ಊರೇ ಸಾಕ್ಷಿ ಹೇಳಿತು. ದೊರೆ ಟೋಪಿ ತೆಗೆದ. ಮೊಣಕಾಲೂರಿದ. ಹೂವಿಟ್ಟು ಕಣ್ಣುಮುಚ್ಚಿ ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡ. ನಾವೂ ಕೈ ಮುಗಿದೆವು. ಅಷ್ಟರಲ್ಲಿ ಸೌದೆ ಹೊರೆ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿದಳು.

"ಯಾಕಪ್ಪಾ, ಕುದುರೆಗೆ ಊ ಇಕ್ತಾ ಇದೀರ?"

"ಕುದುರೆ?"

"ರಸ್ತೆ ಇಂಜಿನೇರು ದೊರೆ ಕುದುರೆ ಕಣಪ್ಪ. ನಮ್ಮವ್ವನೇ ಉಳ್ಳಿ ಬೇಯ್ಸಿ ಆಕ್ತಿದ್ಲು. ಬೋ ಒಳ್ಳೇದು, ಒದೀತಿರ್ನಿಲ್ಲ."

ಊರಿನವರು ಒಬ್ಬೊಬ್ಬರಾಗಿ ಕರಗಿದರು. ದೊರೆ ಎದ್ದು ಮಣ್ಣು ಕೊಡವಿಕೊಂಡ. ಉಳಿದೆರಡು ತಾತಂದಿರನ್ನು ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಕಾರು ಹತ್ತುವಾಗ, "ರೈಟರ್, ಸಾಕು. ಇನ್ನು ಸಾಕು" ಎಂದ. ಹಡಗಿಗೆ ಮೂರೇ ವಾರ ಉಳಿದಿತ್ತು.

ಚಿಕ್ಕಪ್ಪನಿಗೆ ಸಾಕಾಗಲಿಲ್ಲ. ಕಲ್ಲನ್ನು ಕೇಳುವುದೇ ತಪ್ಪು, ಮನುಷ್ಯರನ್ನು ಕೇಳಬೇಕು ಎಂದರು. ಮನುಷ್ಯರಲ್ಲಿ ಯಾರನ್ನು? ಆ ಪ್ರಶ್ನೆಗೆ ಉತ್ತರ ಅವರಿಗೆ ಮೊದಲಿಂದಲೂ ಗೊತ್ತಿತ್ತು, ಬಾಯಿಗೆ ತಂದುಕೊಂಡಿರಲಿಲ್ಲ ಅಷ್ಟೆ. ಮುಂದಿನ ವಾರ ನಮ್ಮೂರಿನಿಂದ ಹೇಳಿಕಳಿಸಿದರು, ಹೆಳವ ಬಂದಿದ್ದಾನೆಂದು. ಹುಟ್ಟಿದ ಮೇಲೆ ಮೊದಲ ಸಲ ಚಿಕ್ಕಪ್ಪ ತಾವಾಗಿಯೇ ಹೆಳವನ ಎದುರು ಹೋಗಿ ಕೂರಲು ಹೊರಟರು, ತಮಗಾಗಿ ಅಲ್ಲ, ದೊರೆಯ ತಾತನಿಗಾಗಿ.

ಭಾನುವಾರ ಊರಿನ ನಮ್ಮ ಮನೆಯ ಜಗಲಿಯಲ್ಲಿ ದಾಯಾದಿಗಳೂ ಸೇರಿ ತುಂಬ ಜನ. ಅಂಗಳದಲ್ಲಿ ಎತ್ತಿನ ಮೇಲೆ ಹೆಳವ, ಹಳೆಯ ಮುದುಕನ ಮಗ, ಇವನಿಗೂ ತಲೆ ನರೆತಿತ್ತು. ಜಗಲಿಯ ಮೇಲೆ ದೊರೆ ಮಡಿಸಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಬಾಗಿಲ ಹಿಂದೆ ಅಜ್ಜಿ; ತಾತ ಆಗಲೇ ತೀರಿಹೋಗಿದ್ದರು. ಚಿಕ್ಕಪ್ಪ ಕೇಳಿದರು, ತಿತ್ತಿ ಊದುವ ಬಿಳೀ ದೊರೆಯ ವಿಚಾರ ಎಲ್ಲಾದರೂ ಇದೆಯೇ ಎಂದು.

ಹೆಳವ ಪುಸ್ತಕ ತೆರೆಯಲೂ ಇಲ್ಲ. ಕಣ್ಣು ಮುಚ್ಚಿ, ನಮ್ಮ ಮನೆಯಲ್ಲ, ಅರಕಲಗೂಡಿನ ಕಡೆಯ ಒಂದು ಮನೆಯ ವಂಶ ಹೇಳತೊಡಗಿದ. ಅದೂ ಅವನ ಪಾಲಿನ ಮನೆಯೇ. ಮೂರನೆಯ ತಲೆಗೆ ಬಂದಾಗ ದನಿ ಏರಿಸಿದ.

"...ಅವ್ರ ಮಗ ಬೋರೇಗೌಡ, ಅವನೆಂಡ್ರು ಲಕ್ಕಮ್ಮ, ಅವ್ರ ಕೊಟ್ಟಿಗೇಲಿ ಜರ ಬಂದು ಮಲಗ್ದ ಕೆಂಗಡ್ಡದ ದೊರೆ. ಸಂಜೆ ಆದ್ರೆ ತಿತ್ತಿ ಊದೋನು, ದನ ಎಲ್ಲಾ ಕಣ್ಣಿ ಕಿತ್ಕಂಡು ಓಡೋವು. ಆರು ದಿನ ಇದ್ದ. ಲಕ್ಕಮ್ಮ ಬಾಯಿಗೆ ನೀರು ಬುಟ್ಲು. ಒಲದ ಒಂಗೆ ಮರದಡಿ ಮಣ್ಣು ಮಾಡುದ್ರು. ಎಸ್ರು ನಾಲ್ಗೆಗೆ ಬರ್ನಿಲ್ಲ, ತಿತ್ತಿ ದೊರೆ ಅಂತವ ಸೇರ್ಸವ್ರೆ."

ನಾನು ದೊರೆಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ದನ ಓಡಿದ್ದು ಹೇಳಿದಾಗ ನಕ್ಕ. ಮುಂದಿನದಕ್ಕೆ ಅವನ ಕೆಂಪು ಮೀಸೆ ಅದುರಿತು.

"ಈಗ್ಲೂವೆ ಇರೀಕ್ರ ಅಬ್ಬದಲ್ಲಿ ಆ ಮನೇಲಿ ಒಂದು ಎಡೆ ಜಾಸ್ತಿ ಇಕ್ತಾರೆ ಸಾ" ಎಂದ ಹೆಳವ. "ಒಂದು ಲೋಟ ಕಾಪಿ ಮಡಗ್ತಾರೆ. ಯಾರ್ಗೆ ಅಂತ ಈಗಿನ ಸೊಸೇರ್ಗೆ ಗೊತ್ತಿಲ್ಲ."

ದೊರೆ ಎದ್ದು ನಿಂತ. ಟೋಪಿ ತೆಗೆದ. ಈ ಸಲ ಯಾರೂ ಕುದುರೆ ಎನ್ನಲಿಲ್ಲ. ಎಪ್ಪತ್ತು ವರ್ಷ ಅವನ ಮನೆಯವರು ದಾರಿ ನೋಡಿದ ಮನುಷ್ಯನಿಗೆ ಇಲ್ಲಿ ಯಾರೋ ವರ್ಷವರ್ಷವೂ ಕಾಫಿ ಇಡುತ್ತಿದ್ದರು.

ಆಮೇಲೆ ದೊರೆ ತಾತನ ನಿಜವಾದ ಹೆಸರು ಬರೆಸಿದ, ತನ್ನ ಅಪ್ಪನ ಹೆಸರು ಬರೆಸಿದ, ತನ್ನದೂ ಬರೆಸಿದ. ಹೆಳವ ಅದನ್ನು ಹೇಳಿ ನೋಡುವ ಹೊತ್ತಿಗೆ ನಾಲಿಗೆ ಮೂರು ಸಲ ಕಚ್ಚಿಕೊಂಡ. ದೊರೆಗೆ ಸಂತೋಷ ತಡೆಯಲಾಗಲಿಲ್ಲ. ಚಿಕ್ಕಪ್ಪನ ಹೆಗಲ ಮೇಲೆ ಕೈಹಾಕಿ, "ಈಗ ರೈಟರ್ ದು ಹೇಳು!" ಎಂದ.

ಪಾಪ, ಅವನಿಗೇನು ಗೊತ್ತು?

ಹೆಳವ ಎತ್ತಿನ ಕೊಂಬು ನೋಡಿದ. ನಮ್ಮಪ್ಪ ನೆಲ ನೋಡಿದರು. ದಾಯಾದಿಗಳು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು. ಇಂಗ್ಲಿಷು ಕಲಿತ ನಾನೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ. ಚಿಕ್ಕಪ್ಪನ ಕೈ ಸೊಂಟಕ್ಕೆ ಹೋಯಿತು. "ದನಕ್ಕೆ ನೀರು ತೋರಿಸ್ಬೇಕು" ಎಂದು ಎದ್ದರು.

"ಕೂತ್ಕಳ್ಲಾ" ಎಂದಳು ಅಜ್ಜಿ.

ಗಂಡಸರು ಕೂತ ಜಗಲಿಗೆ ಅವಳು ಬಂದಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗು ಬಿಗಿದುಕೊಂಡು ಬಂದು ಕಂಬ ಹಿಡಿದು ನಿಂತಳು.

"ಏನಪ್ಪಾ ಎಳವಯ್ಯ, ನಿಮ್ ಪುಸ್ತಕ ಸುಳ್ಳಾಡಕ್ಕಿಲ್ಲ ಅಂದಿದ್ದ ನಿಮ್ಮಪ್ಪ. ಆ ತಿತ್ತಿ ದೊರೆ ಯಾರ ಒಟ್ಟೇಲಿ ಉಟ್ಟಿದ್ದ ಅಂತ ಬರ್ದವ್ರೆ?"

"ಬರ್ದಿಲ್ಲ ಕಣವ್ವ."

"ಮತ್ತೆ ಎಂಗ್ ಸೇರ್ಸುದ್ರಿ ಅವ್ರ ಮನೆಗೆ?"

"ಬಾಯಿಗೆ ನೀರು ಬುಟ್ಟೋರ ಮನೆ ಅಂತವ..."

"ಸಾಯೋನಿಗೆ ಒಂದು ಗುಟುಕು ನೀರು ಬುಟ್ಟೋಳು ಮನೆಯೋಳಾದ್ಲು." ಅಜ್ಜಿ ಕಂಬ ಬಿಟ್ಟು ಮುಂದೆ ಬಂದಳು. "ಬದುಕೋ ಕೂಸಿಗೆ ಎರಡು ವರ್ಷ ಎದೆ ಆಲು ಕುಡ್ಸಿದೋಳು ಏನಾದ್ಲಪ್ಪ? ನಮ್ಮೆಜಮಾನ್ರು ಸುಳ್ಳಾಡ್ದೇ ಸುಮ್ಕಿದ್ರು. ನಾನು ನಿಜ ಏಳ್ದೇ ಸುಮ್ಕಿದ್ದೆ. ಬರ್ಕೋ."

ನಮ್ಮಪ್ಪ ಎದ್ದರು. ದಾಯಾದಿಗಳ ಕಡೆ ತಿರುಗಿಯೂ ನೋಡದೆ ಕೊಟ್ಟಿಗೆಗೆ ಹೋಗಿ, ಹಬ್ಬದ ಮುಂಚೆ ಹುಟ್ಟಿದ್ದ ಕೆಂದಕರುವನ್ನು ಬಿಚ್ಚಿಕೊಂಡು ಬಂದು ಅದರ ಹಗ್ಗವನ್ನು ಹೆಳವನ ಕೈಗೆ ಕೊಟ್ಟರು. "ನನ್ ತಮ್ಮಂದು" ಎಂದರು, ಅಷ್ಟೇ.

ಹೆಳವ ಎತ್ತಿನಿಂದ ಕೆಳಗಿಳಿದ. ಅಜ್ಜಿಯ ಕಾಲಿನ ಹತ್ತಿರ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆ ಹತ್ತಿ ಕೂತು, ಪುಸ್ತಕ ತೆರೆದು, ಪದ್ಧತಿಯ ಪ್ರಕಾರ ಕೇಳಿದ: "ಯಾರ ಒಟ್ಟೇಲಿ ಉಟ್ಟಿದ್ದು?"

"ನನ್ ಮಡ್ಲಲ್ಲಿ" ಎಂದಳು ಅಜ್ಜಿ.

ಅವನು ಹಾಗೇ ಬರೆದುಕೊಂಡ. ಆಮೇಲೆ ನಮ್ಮ ವಂಶವನ್ನು ಮೊದಲಿನಿಂದ ಹೇಳಿದ. ನಮ್ಮಪ್ಪನ ಹೆಸರಾದ ಮೇಲೆ ನಿಲ್ಲದೆ ಇನ್ನೊಂದು ಹೆಸರು ಹೇಳಿದ. ನಲವತ್ತೆರಡು ವರ್ಷಕ್ಕೆ ಮೊದಲ ಸಲ! ಚಿಕ್ಕಪ್ಪ ಡಬ್ಬಿ ತೆರೆಯಲು ಹೋದರೆ ಮುಚ್ಚಳ ಹಾರಿತು. ನಶ್ಯವೆಲ್ಲ ಗಾಳಿಗೆ ಹೋಗಿ ದೊರೆ ಸೀನಿದ, ಹೆಳವ ಸೀನಿದ, ದಾಯಾದಿಗಳು ಸೀನಿದರು, ಕರುವೂ ಸೀನಿತು. ಎಲ್ಲರ ಕಣ್ಣಲ್ಲೂ ನೀರು. ಯಾರದು ಯಾವ ನೀರೆಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ದೊರೆ ಅರಕಲಗೂಡಿಗೆ ಹೋದ, ಹೊಂಗೆ ಮರ ನೋಡಲು. ನಾನೂ ಚಿಕ್ಕಪ್ಪನೂ ಹಾಸನಕ್ಕೆ ಬಸ್ಸು ಹತ್ತಿದೆವು. ನಾನು ಪ್ರಶ್ನೆಗಳಿಗೆ ಸಿದ್ಧನಾಗಿ ಕೂತೆ. ಚಿಕ್ಕಪ್ಪ ಯಾರನ್ನೂ ಏನೂ ಕೇಳಲಿಲ್ಲ! ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡ ಒಬ್ಬ ಮುದುಕನಿದ್ದ. ಮಾತಿಲ್ಲದೆ ಬೇಜಾರಾಗಿ ಅವನೇ ಕೇಳಿದ:

"ಯಾವ ಕಡೆಯಾಯ್ತು ತಮ್ದು?"

ಚಿಕ್ಕಪ್ಪನ ಕೈ ಸೊಂಟಕ್ಕೆ ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡರು. ಮೂಲಪುರುಷನಿಂದ ಹಿಡಿದರು. ಅವನು ಯಾವ ಊರು ಬಿಟ್ಟು ಬಂದ, ಯಾವ ಹೊಳೆ ದಾಟಿದ, ಯಾವ ತಲೆಯಲ್ಲಿ ಎಷ್ಟು ಜನ, ಒಂದು ಹೆಸರೂ ತಪ್ಪಲಿಲ್ಲ. ದನದ ಕೊಟ್ಟಿಗೆಯಲ್ಲಿ ನಿಂತು ಇಷ್ಟು ವರ್ಷ ಅದನ್ನೆಲ್ಲ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರೆಂದು ನನಗೆ ಆಗಲೇ ತಿಳಿದದ್ದು. ಬಸ್ಸು ಹಾಸನದಲ್ಲಿ ನಿಂತಿತು. ಜನರೆಲ್ಲ ಇಳಿದರು. ಕೋಳಿಯ ಮುದುಕನೂ ಬುಟ್ಟಿ ಎತ್ತಿಕೊಂಡು ಎದ್ದ. ಕಂಡಕ್ಟರು ಬಂದು, "ಇಳೀರಿ ಸಾ, ಊರು ಬಂತು" ಎಂದ.

ಚಿಕ್ಕಪ್ಪ ಮುದುಕನ ಕೈ ಹಿಡಿದು ಕೂರಿಸಿದರು.

"ತಾಳಪ್ಪಾ" ಎಂದರು, "ಇನ್ನೂ ನಮ್ಮವ್ವನ ಎಸ್ರು ಬಂದಿಲ್ಲ."